ಮುಳುಗಿದ ಬಾವಿಯ ಬಾಳೆ ಮೀನು

ನಾನು ಕಟಕೋಳದ ಕಡೆಯವಳು. ನಮ್ಮಲ್ಲಿ ನೀರೆಂದರೆ ಬಾವಿಯಿಂದ ಸೇದಿ ಕೊಡದಲ್ಲಿ ಹೊತ್ತು ತರುವ ವಸ್ತು. ಮಳೆಗಾಲದಲ್ಲಿ ಹಳ್ಳ ತುಂಬಿ ಬಂದರೆ ಓಡಿಹೋಗಿ ನೋಡುತ್ತಿದ್ದೆವು. ಮರುದಿನ ಅಲ್ಲಿ ಉಸುಕು ಮಾತ್ರ ಉಳಿದಿರುತ್ತಿತ್ತು. ಜಾತಿಯಿಂದ ನಾವು ಅಂಬಿಗರೇ ಆದರೂ ಅಪ್ಪನ ಅಜ್ಜನ ಕಾಲಕ್ಕೇ ಹೊಳೆ ಬಿಟ್ಟು ಹೊಲದ ಕೂಲಿಗೆ ಬಂದವರು. ಹುಟ್ಟು ಹಿಡಿಯುವುದು ಹೇಗೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಥ ನನ್ನನ್ನು ಎಪ್ಪತ್ತರ ದಶಕದ ನಡುವಿನಲ್ಲಿ ಸವದತ್ತಿ ತಾಲೂಕಿನ ಒಂದು ಊರಿಗೆ, ಮಲಪ್ರಭೆಯ ಹಿನ್ನೀರಿನ ದಂಡೆಗೆ, ಮದುವೆ ಮಾಡಿ ಕೊಟ್ಟರು. ಬಸ್ಸಿಳಿದು ದಿಬ್ಬದ ಮೇಲೆ ನಿಂತರೆ ಕಣ್ಣು ಹಾಯುವಷ್ಟು ದೂರ ನೀರು. ಬಿಟ್ಟುಹೋಗಲು ಬಂದಿದ್ದ ನಮ್ಮವ್ವ ನನ್ನ ಕೈ ಹಿಡಿದು, "ದಂಡಿಗೆ ಹೋಗಬ್ಯಾಡವ್ವಾ, ಮನಿ ಕೆಲಸಾ ನೋಡಕೊಂಡ ಇರು," ಅಂದಳು.

ಅದು ಹೊಸ ಊರು. ಹಳೆಯ ಊರು ಕೆಳಗೆ ನೀರಿನಲ್ಲಿತ್ತು. ಡ್ಯಾಮಿನ ನೀರು ಏರಿದಾಗ ಎಲ್ಲರಿಗೂ ದಿಬ್ಬದ ಮೇಲೆ ಜಾಗ ಕೊಟ್ಟಿದ್ದರು. ಬಾಗಿಲು, ತೊಲೆ, ಹಂಚು ಬಿಚ್ಚಿಕೊಂಡು ಚಕ್ಕಡಿಯಲ್ಲಿ ಹೇರಿ ತಂದು ಕಟ್ಟಿಕೊಂಡ ಮನೆಗಳು. ನಮ್ಮ ಮನೆಯ ಬಾಗಿಲು ಹಳೆಯದು, ಕೆತ್ತನೆಯದು. ಗೋಡೆ ಮಾತ್ರ ಹೊಸದು. ಬಾಗಿಲಿಗೆ ಗೋಡೆ ಹೊಂದದೆ ಸಂದಿಯಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು.

ಮನೆಯಲ್ಲಿದ್ದವರು ಅತ್ತೆ ಮತ್ತು ನಮ್ಮವರು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹಳೆಯ ಊರಲ್ಲಿ ಜನರನ್ನು ಹೊಳೆ ದಾಟಿಸಲು ಹರಗೋಲು ಹಾಕುತ್ತಿದ್ದವರು ಅವರು. ನೀರು ಬಂದ ವರ್ಷ ಹಗಲೆಲ್ಲ ಊರವರ ಸಾಮಾನು ದಾಟಿಸಿದರಂತೆ. ದಿಬ್ಬಕ್ಕೆ ಬಂದ ಮೇಲೆ ದಾಟಿಸಲು ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ಕೂತು ಕೂತು ಹೋಗಿಬಿಟ್ಟರು. ಅಂದಿನಿಂದ ನಮ್ಮವರು ದಂಡೆಗೆ ಕಾಲಿಡಲಿಲ್ಲ. ಸವದತ್ತಿ ಪೇಟೆಯಲ್ಲಿ ಹೊಲಿಗೆ ಕಲಿತು ಟೇಲರ್ ಆದರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವರು. ಮನೆಗೆ ಬಂದರೆ ನೀರಿಗೆ ಬೆನ್ನು ಮಾಡಿ ಕೂಡುವರು. ಆ ನೀರಿನ ಮೀನನ್ನೂ ತಿನ್ನುತ್ತಿರಲಿಲ್ಲ.

ಮದುವೆಯಾದ ಮುಂದಿನ ವರ್ಷ ನಾದಿನಿ ಬಸುರಿಯಾಗಿ ತವರಿಗೆ ಬಂದಳು. ಅವಳನ್ನು ಕೊಟ್ಟಿದ್ದು ಬೈಲಹೊಂಗಲದ ಕಡೆ. ಮೊದಲ ಕೂಸು ಉಳಿದಿರಲಿಲ್ಲ, ಹಾಗಾಗಿ ಈ ಸಲ ಬೇಗನೇ ಕರೆತಂದಿದ್ದರು. ಬಂದವಳ ಮುಖ ಬಿಳುಚಿಕೊಂಡಿತ್ತು. ತಿಂದದ್ದೆಲ್ಲ ಕಾರಿಬಿಡುತ್ತಿದ್ದಳು. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುವಳು. ಅತ್ತೆ ಅವಳ ತಲೆ ಸವರುತ್ತ ಕೇಳಿದರು: "ಏನ ತಿಂತಿಯವ್ವಾ, ಹೇಳು. ಏನ ಬೇಕಾದ್ರೂ ಮಾಡಿ ಕೊಡತೇನಿ."

ಅವಳು ನಾಚಿಕೊಂಡು, "ಅಪ್ಪ ತರ್ತಿದ್ನಲ್ಲ ಬಾಳಿ ಮೀನ, ಅದರ ಸಾರು ಸಿಕ್ರ ಒಂದ ರೊಟ್ಟಿ ತಿಂದೇನು ಅನಸ್ತೈತಿ," ಅಂದಳು.

ನಾನು ಬಾಳೆ ಮೀನು ನೋಡಿದ್ದೇ ಇಲ್ಲ. ಅತ್ತೆ ಕೈ ಚಾಚಿ ತೋರಿಸಿದರು: ಭುಜದಿಂದ ಬೆರಳ ತುದಿವರೆಗೆ. ಮೈಗೆ ಪೊರೆ ಇಲ್ಲ, ಬೆಳ್ಳಿ ತಗಡಿನ ಹಾಗೆ ನುಣುಪು. ಉದ್ದ ಮೀಸೆ, ಅಗಲ ಬಾಯಿ, ಬಾಯ್ತುಂಬ ಹಲ್ಲು. ಮುಳ್ಳಿನ ಕಾಟವಿಲ್ಲದ ದಪ್ಪ ಮಾಂಸ. ಅಂಥದ್ದು ಸಿಕ್ಕಿದ ಮನೆಯ ಮುಂದೆ ಓಣಿಯವರೆಲ್ಲ ಬಟ್ಟಲು ಹಿಡಿದು ಬರುತ್ತಿದ್ದರಂತೆ.

ಸಂಜೆ ನಮ್ಮವರಿಗೂ ತಂಗಿಯ ಆಸೆ ತಿಳಿಯಿತು. ಸಂತೆಯ ದಿನ ಅಂಗಡಿ ಬಿಟ್ಟು ಮುನವಳ್ಳಿಗೆ ಹೋಗಿ ಬಂದರು. ಸಿಕ್ಕದ್ದು ಬೆರಳುದ್ದದ ಮೀನುಗಳು.

"ಬಾಳಿ ಮೀನ ಸಂತಿಮಟಾ ಬರೂದಿಲ್ಲಪಾ," ಅತ್ತೆ ಅಂದರು. "ಹಿಡದಾವ್ರ ಮನ್ಯಾಗ ಖಾಲಿ ಆಕ್ಕೈತಿ. ನಾ ಹರಗೋಲ ತಗೀತೇನಿ."

"ಯವ್ವಾ, ಆ ನೀರಿಗಿ ಇಳೀಬ್ಯಾಡ. ನಮ್ಮ ಮನಿ ನುಂಗಿದ ನೀರದು. ಅದರಾಗಿಂದ ನಮಗೇನೂ ಬ್ಯಾಡ."

"ನೀರಿಗೇನ ಗೊತ್ತೋ, ಯಾರ ಮನಿ ಯಾವುದು ಅಂತ? ನಿನಗ ಬ್ಯಾಡಾದ್ರ ಬಿಡು. ನಿನ್ನ ತಂಗಿಗೆ ಬೇಕಾಗೇತಿ."

ಅವರು ಎದ್ದು ಹೊರಗೆ ಹೋದರು. ಅತ್ತೆ ನನ್ನ ಕಡೆ ತಿರುಗಿದರು. ಅವರ ಬಲಗೈ ಮಣಿಕಟ್ಟು ಸೊಟ್ಟಗಿತ್ತು. ಊರು ಬಿಚ್ಚುವಾಗ ತೊಲೆ ಬಿದ್ದು ಮುರಿದಿದ್ದು ಸರಿಯಾಗಿ ಕೂಡಿರಲಿಲ್ಲ. ಆ ಕೈಯಲ್ಲಿ ರೊಟ್ಟಿ ಬಡಿಯಲೂ ಆಗುತ್ತಿರಲಿಲ್ಲ.

"ನೋಡವ್ವಾ, ನನಗ ಹಿಡಿಯೂದು ಗೊತ್ತೈತಿ, ಕೈ ಇಲ್ಲ. ನಿನಗ ಕೈ ಅದಾವ. ಬರ್ತಿ?"

"ನನಗ ಈಜಾಕ ಬರೂದಿಲ್ರಿ ಅತ್ತಿ."

"ಬೆನ್ನಿಗೆ ಬುರುಡಿ ಕಟ್ಟತೇನಿ, ಮುಳಗೂದಿಲ್ಲ ಬಾ," ಅಂದರು.

ಹರಗೋಲು ಹಿತ್ತಿಲಲ್ಲಿ ಬೋರಲಾಗಿ ಬಿದ್ದಿತ್ತು. ಅದರೊಳಗೆ ನಮ್ಮ ಕೋಳಿಗಳು ಇರುತ್ತಿದ್ದವು. ಬಿದಿರಿನ ಹೆಣಿಗೆ ಗಟ್ಟಿಯಿತ್ತು, ಮೇಲಿನ ತೊಗಲು ಒಣಗಿ ಬಿರಿದಿತ್ತು. ಪಕ್ಕದ ಮನೆಯ ಸಾಬರ ಕಾಕಾ ಲಾರಿ ಓಡಿಸುತ್ತಿದ್ದರು. ಅತ್ತೆ ಕೇಳಿದ್ದಕ್ಕೆ ಲಾರಿಗೆ ಹೊದಿಸುವ ಹಳೆಯ ತಾಡಪತ್ರಿ ತಂದು ಹರಗೋಲಿಗೆ ಬಿಗಿದು, ತಾವೇ ಡಾಂಬರು ಕಾಸಿ ಬಳಿದರು. "ಅಣ್ಣ ನಮ್ಮ ಮನೀ ಪೆಟ್ಟಿಗಿ, ಅಮ್ಮೀನ, ಆಡಾ ಎಲ್ಲಾ ಇದರಾಗ ದಾಟಿಸಿದ್ದ," ಅಂದರು. ತಮ್ಮ ತಾಯಿಯನ್ನು ಅವರು ಅಮ್ಮೀ ಅನ್ನುತ್ತಿದ್ದರು. ಅಣ್ಣ ಅಂದರೆ ನಮ್ಮ ಮಾವ.

ದಸರೆ ಕಳೆದಿತ್ತು. ನೀರು ತುಂಬಿ ನಿಂತಿತ್ತು. ಬೆಳಕು ಹರಿಯುವ ಹೊತ್ತಿಗೆ ಅತ್ತೆ ನನ್ನ ಸೀರೆಯನ್ನು ಕಚ್ಚೆ ಹಾಕಿಸಿ, ಬೆನ್ನಿಗೆ ಒಣ ಸೋರೆಯ ಬುರುಡೆ ಕಟ್ಟಿ ದಂಡೆಗೆ ಕರೆದೊಯ್ದರು. ಪಾತ್ರೆ ತೊಳೆಯುತ್ತಿದ್ದ ಹೆಂಗಸರು ನಗೆ ತಡೆದುಕೊಳ್ಳಲಿಲ್ಲ. ಒಬ್ಬಾಕೆ, "ಗಂಡಸರು ಮನ್ಯಾಗ, ಹೆಂಗಸರು ನೀರಾಗ," ಅಂದಳು. ಅತ್ತೆ ತಿರುಗಿ, "ಸಾರ ಕೇಳಾಕ ಬರ್ತೀಯಲ್ಲ, ಆವಾಗ ನಗು," ಅಂದರು.

ಹರಗೋಲು ಬುಟ್ಟಿಯ ಹಾಗೆ ದುಂಡಗೆ. ಅದಕ್ಕೆ ಹಿಂದು ಮುಂದು ಇಲ್ಲ. ನಾನು ಹುಟ್ಟು ಹಾಕಿದೆ. ಅದು ಗಿರ್ರನೆ ತಿರುಗಿತು. ಇನ್ನೊಂದು ಕಡೆ ಹಾಕಿದೆ. ಆ ಕಡೆ ತಿರುಗಿತು. ಗುಡ್ಡ, ಊರು, ಆಕಾಶ ಎಲ್ಲ ಸುತ್ತಿದವು. ಅತ್ತೆ ಕೂತಲ್ಲೇ ನಗುತ್ತ, "ಪಕ್ಕದಾಗ ಬಡೀಬ್ಯಾಡ. ಮುಂದ ಚಾಚಿ ನಿನ್ನ ಕಡೆ ಎಳಕೋ, ರಾಶ್ಯಾಗಿನ ಜೋಳಾ ಎಳಕೊಂಡಂಗ," ಅಂದರು. ಜೋಳದ ಮಾತು ನನಗೆ ತಿಳಿಯಿತು. ಆ ದಿನ ಮೀನಿನ ಮಾತಿಲ್ಲ. ಭುಜ ಬಿದ್ದುಹೋಗುವವರೆಗೆ ಎಳೆಸಿ ವಾಪಸ್ಸು ಕರೆತಂದರು. ಮರುದಿನವೂ ಅದೇ. ಅದರ ಮರುದಿನ ಹರಗೋಲು ನಾನು ಹೇಳಿದ ಕಡೆ ಒಂದಿಷ್ಟು ಹೋಗತೊಡಗಿತು.

ಆಮೇಲೆ ಅವರು ನನ್ನನ್ನು ಊರೊಳಗೆ ಕರೆದೊಯ್ದರು. ಹಾಗೇ ಅನ್ನಬೇಕು, ಬೇರೆ ಮಾತು ಗೊತ್ತಿಲ್ಲ. ಸುತ್ತ ಬರೀ ನೀರು. ಅತ್ತೆ ಎಲ್ಲಮ್ಮನ ಗುಡ್ಡದ ಕಡೆ ಒಮ್ಮೆ, ದಂಡೆಯ ಒಂಟಿ ಬೇವಿನ ಮರದ ಕಡೆ ಒಮ್ಮೆ ನೋಡಿ, "ಈಗ ನಮ್ಮ ಓಣಿ ಬಂತು. ಎಡಕ್ಕ ಗೌಡರ ವಾಡೇ. ಮುಂದ ಹೋಗು, ಕುಂಬಾರರ ಮನಿ ದಾಟು," ಅನ್ನುವರು. ಗಾಳದ ಹುರಿಗೆ ಕಲ್ಲು ಕಟ್ಟಿ ನನ್ನ ಕೈಗೆ ಕೊಟ್ಟು ಕೆಳಗೆ ಬಿಡಲು ಹೇಳಿದರು. ಒಂದು ಕಡೆ ಕಲ್ಲು ಬೇಗನೇ ತಗಲಿ ನಿಂತಿತು. "ಅದು ಗ್ವಾಡಿ," ಅಂದರು. ಸ್ವಲ್ಪ ಸರಿದರೆ ಇನ್ನೂ ಕೆಳಗೆ ಹೋಯಿತು. "ಅದು ಓಣಿ." ಮತ್ತೆ ಸರಿದು ಬಿಟ್ಟಾಗ ಹುರಿ ಕೈಯಿಂದ ಜಾರುತ್ತ ಜಾರುತ್ತ ಹೋಗಿ ನಿಲ್ಲಲೇ ಇಲ್ಲ. ನಾನು ಅದನ್ನು ಗಟ್ಟಿಯಾಗಿ ಹಿಡಿದೆ.

"ಇದೇನ್ರಿ ಅತ್ತಿ?"

"ನಮ್ಮ ಹಿತ್ತಲ ಬಾವಿ. ಬಾಳಿ ಮೀನಕ್ಕ ಇಂಥಾ ಜಾಗಾನ ಬೇಕು. ಹಗಲೆಲ್ಲಾ ಒಳಗ ಇರತೈತಿ, ಬೆಳಗಾಗೂದಕ್ಕ ಮ್ಯಾಲ ಬಂದು ಸಣ್ಣ ಮೀನ ಹಿಡೀತೈತಿ."

ಅದು ಅವರು ನೀರು ಸೇದುತ್ತಿದ್ದ ಬಾವಿ. ಅದರ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನನಗೆ ಗಾಳ ಕಟ್ಟುವುದು ಕಲಿಸಿದರು. ದುಃಖಪಟ್ಟಂತೆ ಕಾಣಲಿಲ್ಲ. ತಮ್ಮ ಮನೆಗೆ ಸೊಸೆಯನ್ನು ಕರೆತಂದ ಸಡಗರವೇ ಹೆಚ್ಚಾಗಿತ್ತು. ಅಡುಗೆಮನೆ ಎಲ್ಲಿ, ದನ ಕಟ್ಟುವ ಜಾಗ ಎಲ್ಲಿ, ನಮ್ಮವರು ಹುಟ್ಟಿದ ಕೋಣೆ ಎಲ್ಲಿ ಎಂದು ನೀರಿನ ಮೇಲೆ ಬೆರಳು ಮಾಡಿ ತೋರಿಸಿದರು.

ಗಾಳಕ್ಕೆ ಜೀವಂತ ಸಣ್ಣ ಮೀನನ್ನು ಬೆನ್ನಿನ ಹತ್ತಿರ ಚುಚ್ಚಬೇಕು, ಅದು ಈಜುತ್ತಲೇ ಇರಬೇಕು. ನನಗೆ ಅದು ಕಷ್ಟವಾಯಿತು. ಕೈಯಲ್ಲಿ ಮಿಡುಕುವ ಜೀವಕ್ಕೆ ಕೊಕ್ಕೆ ಏರಿಸಲು ಮನಸ್ಸು ಬಾರದು. ಅತ್ತೆ ಬಯ್ಯಲಿಲ್ಲ. ಸೊಟ್ಟ ಕೈಯಿಂದ ನನ್ನ ಕೈ ಹಿಡಿದು ಚುಚ್ಚಿಸಿದರು. ಹುರಿಯನ್ನು ತೋರುಬೆರಳ ಮೇಲೆ ಹಾಯಿಸಿ ಕೂರಬೇಕು. ಸಣ್ಣ ಮೀನು ತಡವಿದರೆ ಟಕ್ಕಟಕ್ಕೆನ್ನುತ್ತದೆ. ಬಾಳೆ ಮೀನು ಹಾಗಲ್ಲ. ಮೊದಲು ಬಾಯಲ್ಲಿ ಹಿಡಿದು ಸುಮ್ಮನೆ ಇರುತ್ತದೆ, ಹುರಿ ಭಾರವಾದಂತೆ ಅನಿಸುತ್ತದೆ ಅಷ್ಟೇ. ಆಮೇಲೆ ನಡೆಯತೊಡಗುತ್ತದೆ. ಆಗ ಎಳೆಯಬೇಕು.

"ಗಡಬಡಿಸಿದ್ರ ಹೋತು," ಅತ್ತೆ ಅಂದರು. "ಅದು ತನ್ನ ಮನಿಗೆ ತುತ್ತು ಒಯ್ಯಾಕ ಹತ್ತೇತಿ ಅಂತ ತಿಳಕೊ. ಒಯ್ಯಾಕ ಬಿಡು."

ಹಲವು ಬೆಳಗು ಬರಿಗೈಯಲ್ಲೇ ಬಂದೆವು. ನಾದಿನಿ ಬಾಗಿಲಲ್ಲಿ ಕೂತು ಕಾಯುತ್ತಿದ್ದಳು. ನಮ್ಮ ಮುಖ ನೋಡಿ, "ಇರಲಿ ಬಿಡ್ರಿ ವೈನಿ, ನಾ ಸುಮ್ನ ಅಂದೆ," ಅನ್ನುವಳು. ಅವಳ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಅದನ್ನು ನೋಡಿ ನನಗೆ ಛಲ ಬಂತು. ಅವಳು ನನಗಿಂತ ಚಿಕ್ಕವಳು. ತವರಿನ ಮನೆ ಎಂದು ಬಂದರೆ ಆ ಮನೆಯೇ ಇಲ್ಲ, ಅಪ್ಪನೂ ಇಲ್ಲ. ಕೇಳಿದ್ದು ಒಂದು ಸಾರು.

ಒಂದು ಬೆಳಗು ಹುರಿ ಭಾರವಾಯಿತು. ನಾನು ಉಸಿರು ಹಿಡಿದೆ. ಹುರಿ ಮೆಲ್ಲಗೆ ನಡೆಯಿತು. ಅತ್ತೆ ತಲೆಯಾಡಿಸಿದರು. ಎಳೆದೆ. ಕೆಳಗಿನಿಂದ ಯಾರೋ ಕೈ ಹಿಡಿದು ಜಗ್ಗಿದಂತಾಯಿತು. ಹರಗೋಲು ವಾಲಿತು, ತಿರುಗಿತು. ಹುರಿ ಅಂಗೈಯನ್ನು ಕೊಯ್ದುಕೊಂಡು ಹೋಯಿತು. ನಾನು ಕಿರುಚಿದೆನೋ ಏನೋ. ತಟ್ಟನೆ ಎಲ್ಲ ಹಗುರವಾಯಿತು. ಹುರಿ ಎಳೆದುಕೊಂಡರೆ ತುದಿಯಲ್ಲಿ ಗಾಳವಿರಲಿಲ್ಲ. ಹಲ್ಲಿನಿಂದ ಕತ್ತರಿಸಿದ ದಾರ ಮಾತ್ರ. ನಾನು ಅಲ್ಲೇ ಅತ್ತುಬಿಟ್ಟೆ. ಅತ್ತೆ ತಮ್ಮ ಸೆರಗು ಹರಿದು ನನ್ನ ಅಂಗೈಗೆ ಸುತ್ತಿದರು. "ನಿಮ್ಮ ಮಾವನ ಕೈ ನೋಡಬೇಕಿತ್ತ ನೀನು. ಗೆರಿ ಯಾವುದು, ಹುರಿ ಕೊಯ್ದದ್ದ ಯಾವುದು ಗೊತ್ತಾಗತಿರಲಿಲ್ಲ," ಅಂದರು.

ಆ ಸಂಜೆ ನಮ್ಮವರು ನನ್ನ ಅಂಗೈ ನೋಡಿದರು. "ಏನಾತು?" ಎಂದು ಕೇಳಿದರು. ನಾನು ಹೆದರಿ ಹೆದರಿ ಹೇಳಿದೆ. ಬೇಡ ಅಂದ ನೀರಿಗೆ ಹೋದದ್ದಕ್ಕೆ ಸಿಟ್ಟಾಗುವರೆಂದು ಕಾದೆ. ಅವರು, "ದಾರ ಕಡದ ಹೋತ?" ಎಂದಷ್ಟೇ ಕೇಳಿ ಒಳಗೆ ಹೋದರು. ಮರುದಿನ ಸಂಜೆ ಬಸ್ಸಿಳಿದು ಬಂದವರು ಅಂಗಿಯ ಜೇಬಿನಿಂದ ಒಂದು ತಂತಿಯ ಸುರುಳಿ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿದರು. ಸೈಕಲ್ ಬ್ರೇಕಿನ ಒಳಗಿರುತ್ತದಲ್ಲ, ಅಂಥ ಉಕ್ಕಿನ ಹೆಣೆದ ತಂತಿ.

"ಗಾಳದ ಹಂತೇಕ ಒಂದ ಗೇಣು ಇದನ್ನ ಕಟ್ಟರಿ," ಅಂದರು, ನನ್ನ ಕಡೆ ನೋಡದೆ. "ಅಪ್ಪ ಹಿತ್ತಾಳಿ ತಂತಿ ಕಟ್ಟತಿದ್ದ. ಅದಕ್ಕಿಂತಾ ಇದು ಗಟ್ಟಿ."

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಮ್ಮವರು ಅಪ್ಪನ ಹೆಸರೆತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂಗೈ ಮಾಯಲು ಬಿಟ್ಟು ಮತ್ತೆ ಹೋದೆವು. ಚಳಿ ಇತ್ತು, ನೀರಿನ ಮೇಲೆ ತೆಳ್ಳಗೆ ಮಂಜು. ಗುಡ್ಡ ಕಾಣದ್ದರಿಂದ ಅತ್ತೆ ಜಾಗ ಹೇಳಲಾರದೆ ಹೋದರು. ನಾನು ಕಲ್ಲು ಬಿಟ್ಟು ಬಿಟ್ಟು ನೋಡಿದೆ. ಗೋಡೆ, ಓಣಿ, ಮತ್ತೆ ಗೋಡೆ, ಆಮೇಲೆ ಹುರಿ ಜಾರತೊಡಗಿತು. "ಇಲ್ಲೇ ಅದೇವ್ರಿ ಅತ್ತಿ," ಅಂದೆ. "ಹೌದೇನ?" ಅಂದರು ಅವರು, ಚಿಕ್ಕ ಹುಡುಗಿಯ ಹಾಗೆ.

ಮಂಜು ಕರಗುವ ಹೊತ್ತಿಗೆ ಭಾರ ಬಂತು. ಈ ಸಲ ನಾನು ಗಡಬಡಿಸಲಿಲ್ಲ. ಅದು ತುತ್ತು ಹೊತ್ತು ನಡೆಯಲು ಬಿಟ್ಟೆ. ಎಳೆದಾಗ ಅದು ಬಾವಿಯ ಕಡೆ ಧುಮುಕಿತು. "ಒಳಗ ಹೋಗಗೊಡಬ್ಯಾಡ, ಕಲ್ಲಿಗೆ ಹುರಿ ತಿಕ್ಕತೈತಿ!" ಅತ್ತೆ ಕೂಗಿದರು. ಹುರಿಯನ್ನು ಹರಿದ ಗೋಣಿಯ ತುಂಡಿನಿಂದ ಹಿಡಿದಿದ್ದೆ, ಕೈ ಉಳಿಯಿತು. ಅತ್ತೆ ಎಡಗೈಯಲ್ಲಿ ಹುಟ್ಟು ಹಾಕಿ ಹರಗೋಲನ್ನು ಬಾವಿಯಿಂದ ದೂರ ಸರಿಸಿದರು. ಮೀನು ನಮ್ಮನ್ನು ಎಳೆದುಕೊಂಡು ಗೌಡರ ವಾಡೆಯ ಮೇಲೆ, ಅಲ್ಲಿಂದ ತಿರುಗಿ ಕುಂಬಾರರ ಓಣಿಯ ಮೇಲೆ ಓಡಾಡಿಸಿತು. ಅದು ಎಳೆದಾಗ ಬಿಡುವುದು, ನಿಂತಾಗ ಎಳೆದುಕೊಳ್ಳುವುದು. ಹೊತ್ತು ಎಷ್ಟಾಯಿತೋ ತಿಳಿಯದು. ಬಿಸಿಲು ಬೆನ್ನಿಗೆ ಬಂದಿತ್ತು. ಕೊನೆಗೆ ನೀರಿನೊಳಗೆ ಬೆಳ್ಳಗೆ ಹೊರಳಿದ್ದು ಕಂಡಿತು. ಅದರ ಮೀಸೆ ಮೊದಲು ಮೇಲೆ ಬಂತು, ಆಮೇಲೆ ಆ ಬಾಯಿ. ಅತ್ತೆ ಸೆರಗು ಸುತ್ತಿದ ಕೈಯನ್ನು ಕಿವಿರಿಗೆ ಹಾಕಿದರು, ನಾನು ಬಾಲ ಹಿಡಿದೆ, ಇಬ್ಬರೂ ಕೂಡಿ ಒಳಗೆ ಎತ್ತಿ ಹಾಕಿಕೊಂಡೆವು. ಅದು ಬಡಿದಾಡುತ್ತಿದ್ದರೆ ಹರಗೋಲೇ ಒಡೆದೀತು ಅನಿಸಿತು. ಅತ್ತೆ ಅದರ ಮೇಲೆ ಮಲಗಿಯೇಬಿಟ್ಟರು. ಮಲಗಿಕೊಂಡೇ ನಗುತ್ತಿದ್ದರು, ಅಳುತ್ತಿದ್ದರು.

ಒಣಕೊಬ್ಬರಿ, ಉಳ್ಳಾಗಡ್ಡಿ ಸುಟ್ಟು ಅರೆದು, ಮಸಾಲೆ ಖಾರ, ಹುಣಸೆಹುಳಿ ಹಾಕಿ ಅತ್ತೆ ತಾವೇ ಸಾರು ಮಾಡಿದರು. ನಾನು ರೊಟ್ಟಿ ಬಡಿದೆ. ನಾದಿನಿ ಮೊದಲ ತುತ್ತು ಬಾಯಲ್ಲಿಟ್ಟು ಕಣ್ಣು ಮುಚ್ಚಿದಳು. ನಾವು ಕಾರುತ್ತಾಳೇನೋ ಎಂದು ನೋಡುತ್ತ ನಿಂತೆವು. ಅವಳು ಕಾರಲಿಲ್ಲ. ಇನ್ನೊಂದು ರೊಟ್ಟಿ ಕೇಳಿದಳು. ದಂಡೆಯಲ್ಲಿ ನಕ್ಕವಳು ಬಟ್ಟಲು ಹಿಡಿದು ಬಂದಳು, ಅತ್ತೆ ತುಂಬಿಸಿಯೇ ಕಳಿಸಿದರು. ಲಾರಿ ಕಾಕಾನ ಮನೆಗೆ ದೊಡ್ಡ ಪಾಲು ಹೋಯಿತು.

ಸಂಜೆ ನಮ್ಮವರು ಬಂದು ತಂಗಿಯ ಹತ್ತಿರ ಕೂತರು. ಅವಳು ತಿಂದದ್ದನ್ನು ಲೆಕ್ಕವಿಟ್ಟು ಹೇಳುತ್ತಿದ್ದರೆ ಕೇಳುತ್ತ ಅವರ ಮುಖ ಮೆತ್ತಗಾಯಿತು. ಸಾರು ಅವರು ಮುಟ್ಟಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಆದರೆ ಕೈ ತೊಳೆಯುವಾಗ ಕೇಳಿದರು: "ಎಲ್ಲೆ ಸಿಕ್ಕಿತು?"

"ಹಿತ್ತಲ ಬಾವ್ಯಾಗ್ರಿ."

ಅವರು ಕೈಯಲ್ಲಿ ತಂಬಿಗೆ ಹಿಡಿದು ನಿಂತೇಬಿಟ್ಟರು. ಆಮೇಲೆ, "ಆ ಬಾವ್ಯಾಗ ನಾ ಈಜು ಕಲತದ್ದು. ಅಪ್ಪ ಬೆನ್ನಿಗೆ ಬುರುಡಿ ಕಟ್ಟಿ ಎತ್ತಿ ಒಗದಿದ್ದ," ಅಂದರು. ಅಲ್ಲಿಂದ ಮಾತು ಶುರುವಾಯಿತು. ಬಾವಿಯ ಮೆಟ್ಟಿಲಲ್ಲಿದ್ದ ಆಮೆ, ಗೌಡರ ವಾಡೆಯ ಗಿಳಿ, ಹೊಳೆಯ ಆಚೆ ದಂಡೆಯಿಂದ ಅಪ್ಪನನ್ನು ಕೂಗಿ ಕರೆಯುತ್ತಿದ್ದ ಜನ. ತಂಗಿ ನಡುನಡುವೆ ತಿದ್ದುತ್ತಿದ್ದಳು. ಅತ್ತೆ ಎಲೆ ಮಡಚುತ್ತ ಕೇಳುತ್ತಿದ್ದರು. ಮದುವೆಯಾಗಿ ಒಂದು ವರ್ಷ ಕಳೆದಿತ್ತು; ಗಂಡನ ಬಾಯಲ್ಲಿ ಅಷ್ಟು ಮಾತುಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ.

ನಾವು ಮತ್ತೆ ಮತ್ತೆ ಹೋದೆವು. ಎಲ್ಲ ಸಲವೂ ಸಿಗಲಿಲ್ಲ. ಸಿಕ್ಕಾಗಲೆಲ್ಲ ನಾದಿನಿ ಉಂಡಳು. ಅವಳ ಕೆನ್ನೆಗೆ ಬಣ್ಣ ಬಂತು. ಸಂಕ್ರಾಂತಿ ಕಳೆದ ಮೇಲೆ ಹೆಣ್ಣು ಕೂಸು ಹುಟ್ಟಿತು, ತಾಯಿ ಕೂಸು ಇಬ್ಬರೂ ಚೆನ್ನಾಗಿದ್ದರು. ಬಾಣಂತನ ಮುಗಿಸಿ ಅವಳನ್ನು ಕಳಿಸುವಾಗ ಅವಳು ನನ್ನ ಅಂಗೈಯ ಗಾಯದ ಗೆರೆಯನ್ನು ಸವರಿ ಬಸ್ಸು ಹತ್ತಿದಳು.

ಆ ಬೇಸಿಗೆಯ ಒಂದು ರಜೆಯ ದಿನ ನಾವಿಬ್ಬರೂ ಹೊರಟಿದ್ದಾಗ ನಮ್ಮವರು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದರು. ದಂಡೆಯಲ್ಲಿ ಚಪ್ಪಲಿ ಬಿಟ್ಟು, ಪೈಜಾಮ ಮೇಲಕ್ಕೆ ಮಡಚಿ, ಕೇಳದೆಯೇ ಹರಗೋಲು ಹತ್ತಿ ಕೂತರು. ಅತ್ತೆ ಹುಟ್ಟನ್ನು ಅವರ ಕೈಗೆ ಕೊಡಲಿಲ್ಲ, ನನ್ನ ಕೈಗೇ ಕೊಟ್ಟರು. ನೀರು ಇಳಿದಿತ್ತು. ಬಾವಿಯ ಹತ್ತಿರ ಹೋಗುವವರೆಗೆ ಅವರು ಒಂದು ಕೈಯನ್ನು ನೀರಿನಲ್ಲಿ ಇಳಿಬಿಟ್ಟು ಮುಖ ಆಚೆ ಮಾಡಿ ಕೂತಿದ್ದರು. ಭುಜ ಅಲುಗುತ್ತಿತ್ತು. ನಾನು ಹುಟ್ಟು ನಿಲ್ಲಿಸಿದೆ. ಅತ್ತೆ, "ಸಾಕೋ ಇನ್ನ. ಬಂದದ್ದು ಬಂದಿ, ಗಾಳಾ ಹಾಕು," ಅಂದರು.

ಮಧ್ಯಾಹ್ನದವರೆಗೆ ಕೂತು ಅವರಿಗೆ ಸಿಕ್ಕಿದ್ದು ಹೆಬ್ಬೆರಳಿಗಿಂತ ತುಸು ದೊಡ್ಡ ಒಂದು ಮೀನು. ಅದನ್ನೂ ಗಾಳದಿಂದ ತೆಗೆಯುವಾಗ ಮುಳ್ಳು ಚುಚ್ಚಿಸಿಕೊಂಡು ಕೈಬಿಟ್ಟು, ಹರಗೋಲಿನ ತಳದಲ್ಲಿ ಹಿಡಿಯಲು ಒದ್ದಾಡಿದರು. ನಾನು ಸೆರಗು ಬಾಯಿಗೆ ಇಟ್ಟುಕೊಂಡರೂ ನಗು ನಿಲ್ಲಲಿಲ್ಲ. ಅವರೂ ನಕ್ಕರು. ಅತ್ತೆ ಆ ಮೀನನ್ನು ನೀರಿಗೆ ಬಿಡಗೊಡಲಿಲ್ಲ. ಮನೆಗೆ ತಂದು, ಖಾರ ಹಚ್ಚಿ, ಹೆಂಚಿನ ಮೇಲೆ ಎಣ್ಣೆ ಬಿಟ್ಟು ಹುರಿದು, ರೊಟ್ಟಿಯ ಮೇಲೆ ಇಟ್ಟು ಮಗನ ಮುಂದೆ ಸರಿಸಿದರು. ಅವರು ನಮ್ಮಿಬ್ಬರನ್ನೂ ಹತ್ತಿರ ಕೂರಿಸಿಕೊಂಡು ಅದನ್ನು ಮೂರು ಪಾಲು ಮಾಡಿದರು. ಒಬ್ಬೊಬ್ಬರಿಗೆ ಬಂದದ್ದು ಚಿಟಿಕೆಯಷ್ಟು. ತಮ್ಮ ಪಾಲನ್ನು ಬಾಯಲ್ಲಿಟ್ಟು ನಿಧಾನ ಅಗಿದು, "ಉಪ್ಪ ಕಡಿಮಿ ಆಗೇತಿ, ಯವ್ವಾ," ಅಂದರು.